ಎಚ್‌ಎಫ್ ಗದ್ದಲ: ಮೌನದಿಂದ ಮೇಲಕ್ಕೆ ಹುಡುಕುವ ಕ್ರಮ

ಹ್ಯಾಮ್ (ಹವ್ಯಾಸಿ) ರೇಡಿಯೊದವರು ಬಳಸುವ ಎಚ್‌ಎಫ್‌ನಲ್ಲಿ, ಅಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಶಾರ್ಟ್‌ವೇವ್‌ನಲ್ಲಿ, 40 ಮೀಟರ್ ಬ್ಯಾಂಡು 7 ಮೆಗಾಹರ್ಟ್ಸ್ ಆಸುಪಾಸಿನದ್ದು. ಅಲ್ಲಿ ಯಾರೂ ಮಾತಾಡದ ಜಾಗದಲ್ಲೂ ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನ ಮುಳ್ಳು ಎಸ್7ರಲ್ಲಿ ನಿಂತಿದ್ದರೆ, ಅದಕ್ಕಿಂತ ಕ್ಷೀಣವಾಗಿ ಬರುವ ಸ್ಟೇಷನ್ನುಗಳು ನಿಮಗೆ ಕೇಳಿಸುವುದೇ ಇಲ್ಲ. ಒಂದು ಎಸ್ ಯೂನಿಟ್‌ಗೆ 6 ಡಿಬಿ ಲೆಕ್ಕ. ಗದ್ದಲವನ್ನು ಎಸ್7ರಿಂದ ಎಸ್3ಕ್ಕೆ ತಂದರೆ 24 ಡಿಬಿ ಸಿಕ್ಕಂತೆ. ಎದುರಿನ ಸ್ಟೇಷನ್ ತನ್ನ ಪವರನ್ನು 250 ಪಟ್ಟು ಏರಿಸಿದರೆ ಆಗುವ ಲಾಭ ಅದು. ಹೊಸ ರಿಗ್ (ಟ್ರಾನ್ಸ್‌ಮಿಟರೂ ರಿಸೀವರೂ ಒಂದೇ ಡಬ್ಬಿಯಲ್ಲಿರುವ ರೇಡಿಯೊ), ಎತ್ತರದ ಆಂಟೆನಾ ಎಲ್ಲ ಆಮೇಲಿನ ಮಾತು.

ಗದ್ದಲದ ಮೂಲ ಹುಡುಕುವ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಬಹಳ ಮಂದಿ ನಡುವೆಯೇ ಬಿಟ್ಟುಬಿಡುತ್ತಾರೆ. ಕಾರಣ ಡೆಸಿಬೆಲ್ ಲೆಕ್ಕದಲ್ಲಿದೆ. ಮನೆಯಲ್ಲಿ ಒಂದೇ ಮಟ್ಟದ ಗದ್ದಲ ಮಾಡುವ ಎರಡು ಅಡಾಪ್ಟರ್ ಇವೆ ಎನ್ನಿ. ಒಂದನ್ನು ಕಿತ್ತರೆ ಗದ್ದಲದ ಪವರ್ ಅರ್ಧವಾಗುತ್ತದೆ. ಅದು 3 ಡಿಬಿ, ಮೀಟರಿನಲ್ಲಿ ಬರೀ ಅರ್ಧ ಯೂನಿಟ್. ಮುಳ್ಳು ಅಲ್ಲಾಡಿದ್ದೂ ಗೊತ್ತಾಗುವುದಿಲ್ಲ. ಇದಲ್ಲ ಎಂದುಕೊಂಡು ಅದನ್ನು ಮತ್ತೆ ಸಿಕ್ಕಿಸಿ ಇನ್ನೊಂದನ್ನು ಕೀಳುತ್ತಾರೆ; ಅದೂ 3 ಡಿಬಿ. ಎರಡಕ್ಕೂ ಸಲೀಸಾಗಿ ಬಿಡುಗಡೆ! ಸಮಬಲದ ಹತ್ತು ಮೂಲಗಳಿದ್ದರಂತೂ ಒಂದನ್ನು ತೆಗೆದಾಗ ಇಳಿಯುವುದು ಅರ್ಧ ಡಿಬಿಯೂ ಇಲ್ಲ. ಹಾಗಾಗಿ ನಾನು ಗದ್ದಲದ ನಡುವೆ ಒಂದೊಂದನ್ನೇ ಕೀಳುವುದಿಲ್ಲ. ಎಲ್ಲವನ್ನೂ ಆರಿಸಿ, ಮೌನದಿಂದ ಒಂದೊಂದೇ ಹಚ್ಚುತ್ತಾ ಬರುತ್ತೇನೆ. ಆಗ ಪ್ರತಿ ಮೂಲವೂ ತನ್ನ ಪೂರ್ತಿ ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ.

ಅದಕ್ಕೆ ಮುಂಚೆ ಅಳತೆ. ಎಸ್-ಮೀಟರನ್ನು ನಾನು ನಂಬುವುದಿಲ್ಲ; ಎಸ್9 (ಎಚ್‌ಎಫ್‌ನಲ್ಲಿ 50 ಮೈಕ್ರೊವೋಲ್ಟ್) ಹತ್ತಿರ ಸರಿಯಿರುವ ಮೀಟರ್ ಕೂಡ ಕೆಳಗಿಳಿದಂತೆ ತಪ್ಪು ಹೇಳುವುದುಂಟು. ಎಜಿಸಿ (ಸದ್ದನ್ನು ತಾನೇ ಸಮ ಮಾಡುವ ವ್ಯವಸ್ಥೆ) ಆಫ್ ಮಾಡಿ, ಆರ್‌ಎಫ್ ಗೇನ್ (ರಿಸೀವರಿನ ಮುಂಭಾಗದ ವರ್ಧನೆ) ತುಸು ಇಳಿಸಿ, ಎಸ್‌ಎಸ್‌ಬಿ (ಮಾತಿಗೆ ಬಳಸುವ) ಮೋಡಿನಲ್ಲಿ 2.4 ಕಿಲೋಹರ್ಟ್ಸ್ ಫಿಲ್ಟರ್ ಇಟ್ಟು, ಹೆಡ್‌ಫೋನ್ ಜ್ಯಾಕಿಗೆ ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟ್‌ನಲ್ಲಿ ಹಚ್ಚುತ್ತೇನೆ. ವೋಲ್ಟೇಜ್ 1.4 ಪಟ್ಟಾದರೆ 3 ಡಿಬಿ, ಎರಡು ಪಟ್ಟಾದರೆ 6, 3.2 ಪಟ್ಟಾದರೆ 10. ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೂ ಮುಟ್ಟಬಾರದು. ಎಜಿಸಿ ಆಫ್ ಆಗದ ರಿಗ್ಗಾದರೆ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಸಾಕು. ಅದರ ಗೇನನ್ನೂ ಒಂದೇ ಕಡೆ ನಿಲ್ಲಿಸಿ, ಪರದೆಯಲ್ಲಿ ತಳಮಟ್ಟವನ್ನು ಡಿಬಿಯಲ್ಲಿ ಓದಿಕೊಳ್ಳಿ.

ಹೊತ್ತೂ ಮುಖ್ಯ. ರಾತ್ರಿ 80 (3.5 ಮೆಗಾಹರ್ಟ್ಸ್) ಮತ್ತು 40 ಮೀಟರಿನಲ್ಲಿ ದೂರದೂರದ ಮಿಂಚಿನ ಸದ್ದು ಅಯಾನುಗೋಳದಿಂದ ಪುಟಿದು ಬಂದು ತಳಮಟ್ಟವನ್ನೇ ಏರಿಸುತ್ತದೆ. ನಡುಹಗಲಲ್ಲಿ ಅಯಾನುಗೋಳದ ಅತಿ ಕೆಳಗಿನ ಡಿ ಪದರ ಅದನ್ನು ಹೀರಿಕೊಳ್ಳುವುದರಿಂದ ಉಳಿಯುವುದು ಹೆಚ್ಚಾಗಿ ಸುತ್ತಮುತ್ತಲಿನ ಗದ್ದಲವೇ. ಕೆಳಬ್ಯಾಂಡುಗಳ ಬೇಟೆ ಹಗಲಲ್ಲೇ ಆಗಬೇಕು. 28 ಮೆಗಾಹರ್ಟ್ಸ್‌ನಲ್ಲಿ ನಿಶ್ಶಬ್ದವಾದ ಜಾಗದಲ್ಲೂ ಕೇಳುವ ಸಣ್ಣ ಸುಂಯ್‌ಗುಡುವಿಕೆ ಆಕಾಶಗಂಗೆಯದ್ದು. 1930ರ ದಶಕದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ 20.5 ಮೆಗಾಹರ್ಟ್ಸ್‌ನಲ್ಲಿ ಗುರುತಿಸಿದ್ದು ಇದನ್ನೇ. ಅಷ್ಟು ಕೇಳಿಸುತ್ತಿದ್ದರೆ ಆ ಬ್ಯಾಂಡಿನಲ್ಲಿ ಇಳಿಸಲು ಇನ್ನೇನೂ ಉಳಿದಿಲ್ಲ ಎಂದರ್ಥ.

ಮೊದಲು ಆಂಟೆನಾ ಕಳಚಿ ಆ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕಿ. ಗದ್ದಲ ಹಾಗೇ ಉಳಿದರೆ ಅದು ರಿಗ್ಗಿನ ಒಳಗಿನದ್ದು, ಇಲ್ಲವೇ ಪವರ್ ಕೇಬಲ್ಲಿನಿಂದ ಬರುತ್ತಿರುವುದು. ಬಿದ್ದುಹೋದರೆ ಆಂಟೆನಾ ದಾರಿಯಿಂದ ಬರುತ್ತಿದೆ. ಆಂಟೆನಾ ಮತ್ತೆ ಹಚ್ಚಿದಾಗ ಸದ್ದು ಏರದೇ ಇದ್ದರೆ ಕನೆಕ್ಟರಿನಲ್ಲೋ ಕೇಬಲ್ಲಿನಲ್ಲೋ ತೊಂದರೆ. ಪಿಎಲ್-259 ಕನೆಕ್ಟರಿನ ಹೊರಕವಚಕ್ಕೆ ಬೆಸುಗೆ ಸರಿಯಾಗಿ ಹಿಡಿದಿಲ್ಲ, ಇಲ್ಲವೇ ಕೋಆಕ್ಸ್ (ಆಂಟೆನಾ ಕೇಬಲ್) ಒಳಗೆ ನೀರು ಇಳಿದಿದೆ. ಕೊನೆಯದಾಗಿ, ಸಿಗ್ನಲ್ಲನ್ನು ಬೇಕೆಂದೇ ಇಳಿಸುವ ಅಟೆನ್ಯುಯೇಟರಿನ ಪರೀಕ್ಷೆ. 10 ಡಿಬಿ ಹಾಕಿದಾಗ ಗದ್ದಲವೂ 10 ಡಿಬಿ ಇಳಿದರೆ ಅದು ನಿಜವಾಗಿಯೂ ಹೊರಗಿನಿಂದ ಬಂದದ್ದು. 20 ಅಥವಾ 30 ಡಿಬಿ ಇಳಿದರೆ ಅದು ಗದ್ದಲವೇ ಅಲ್ಲ. ಹತ್ತಿರದ ಪ್ರಬಲ ಸಿಗ್ನಲ್‌ಗಳು ರಿಸೀವರಿನೊಳಗೆ ಬೆರೆತು ಹುಟ್ಟಿಸಿದ ಇಂಟರ್‌ಮಾಡ್. ಕಾರಣ ಮೀಡಿಯಂ ವೇವ್ ಪ್ರಸಾರ ಕೇಂದ್ರವಾದರೆ ಅದಕ್ಕೆ ಮದ್ದು 1.8 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್. ಫೆರೈಟ್ (ಗದ್ದಲ ತಡೆಯಲು ಕೇಬಲ್ಲಿಗೆ ಹಾಕುವ ಕಾಂತೀಯ ಕೋರ್) ಎಷ್ಟು ಸುತ್ತಿದರೂ ಅದು ಹೋಗುವುದಿಲ್ಲ.

ಇನ್ನು ಮನೆ. ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ. ಬರೀ ಕೇಳುವಾಗ ಹೆಚ್ಚಿನ ರಿಗ್ಗುಗಳು 1 ಆಂಪಿಯರ್ ಆಸುಪಾಸು ಎಳೆಯುವುದರಿಂದ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕೆಲವು ತಾಸು ಕೆಲಸ ಸಾಗುತ್ತದೆ. ಬಳಿಕ ಮೇನ್ ಸ್ವಿಚ್ ಇಳಿಸಿ. ಇಲ್ಲಿ ಬಹಳ ಜನ ಮರೆಯುವುದು ಯುಪಿಎಸ್ ಮತ್ತು ಇನ್ವರ್ಟರುಗಳನ್ನು. ಕರೆಂಟು ಹೋದೊಡನೆ ಅವು ಎಚ್ಚೆತ್ತು ಗದ್ದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ನೋಡಿದವರು ಮೂಲ ಹೊರಗಿದೆ ಎಂದುಕೊಳ್ಳುತ್ತಾರೆ. ಅವನ್ನು ಅವುಗಳದ್ದೇ ಸ್ವಿಚ್ಚಿನಿಂದ ಆರಿಸಿ. ಲ್ಯಾಪ್‌ಟಾಪ್ ಕೂಡ ಆರಿರಲಿ. ಒಂದೆರಡು ನಿಮಿಷ ಕಾಯಿರಿ, ಅಡಾಪ್ಟರುಗಳ ಕೆಪ್ಯಾಸಿಟರ್ ಖಾಲಿಯಾಗುವವರೆಗೆ ಕೆಲವು ಇನ್ನೂ ಉಸಿರಾಡುತ್ತಿರುತ್ತವೆ. ಈಗ ಸಿಕ್ಕ ಅಂಕಿ ನಿಮ್ಮ ಜಾಗದ ತಳಮಟ್ಟ. ಬರೆದಿಡಿ.

ಆಮೇಲೆ ಎಲ್ಲ ಎಂಸಿಬಿಗಳನ್ನೂ (ಮನೆಯ ವೈರಿಂಗಿನ ಒಂದೊಂದು ಸಾಲಿಗಿರುವ ಬ್ರೇಕರ್) ಇಳಿಸಿ ಮೇನ್ ಹಚ್ಚಿ, ಒಂದೊಂದೇ ಎಂಸಿಬಿ ಏರಿಸಿ. ಏರಿದ ಅಂಕಿ ಆ ಸಾಲಿನ ಪಾಲು. ಒಂದು ಸಾಲಿನಲ್ಲಿ ಗದ್ದಲ ಬಂದರೆ ಅದರ ಮೇಲಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಅಲ್ಲೂ ಇದೇ ಕ್ರಮ. ಸಿಕ್ಕ ತಪ್ಪಿತಸ್ಥನನ್ನು ಹೊರಗಿಟ್ಟೇ ಮುಂದಿನದಕ್ಕೆ ಹೋಗಬೇಕು. 3.6, 7.1, 14.2, 21.2, 28.5 ಮೆಗಾಹರ್ಟ್ಸ್ ಹೀಗೆ ಪ್ರತಿ ಬ್ಯಾಂಡಿಗೂ ಒಂದು ಕಾಲಂ ಇರಲಿ, ಏಕೆಂದರೆ 80 ಮೀಟರಿನಲ್ಲಿ ಸಾಧುವಾಗಿರುವ ಎಲ್‌ಇಡಿ ದೀಪ 10 ಮೀಟರಿನಲ್ಲಿ (28 ಮೆಗಾಹರ್ಟ್ಸ್) ಬ್ಯಾಂಡನ್ನೇ ನುಂಗಿಬಿಡಬಹುದು.

ಕಿವಿ ಪಳಗಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಸ್ವಿಚ್‌ಮೋಡ್ ಅಡಾಪ್ಟರಿನದ್ದು ಒರಟಾದ ಗೊರಗೊರ. ಸಾಮಾನ್ಯವಾಗಿ 50ರಿಂದ 100 ಕಿಲೋಹರ್ಟ್ಸ್‌ಗೊಂದರಂತೆ ಮತ್ತೆ ಮತ್ತೆ ಬರುತ್ತದೆ, ಅಡಾಪ್ಟರ್ ಬಿಸಿಯಾದಂತೆ ನಿಧಾನ ಜಾರುತ್ತದೆ. ವಾಟರ್‌ಫಾಲ್‌ನಲ್ಲಿ (ಎಸ್‌ಡಿಆರ್ ಪರದೆಯಲ್ಲಿ ಹರಿಯುವ ಸಿಗ್ನಲ್ ಚಿತ್ರ) ಅದು ಮಸುಕಾದ ಅಲುಗುವ ಗೆರೆ. ಜಾರದೆ ನೆಟ್ಟಗೆ ನಿಂತು ತುಸು ನಡುಗುವ ಕ್ಯಾರಿಯರ್ (ಒಂದೇ ಸ್ವರದ ಸಿಗ್ನಲ್) 14.030 ಅಥವಾ 21.052 ಮೆಗಾಹರ್ಟ್ಸ್ ಹತ್ತಿರ ಕೇಳಿದರೆ ಈಥರ್ನೆಟ್ ಕೇಬಲ್ಲನ್ನು ಶಂಕಿಸಿ. ಫೋನ್ ತಂತಿಯಲ್ಲಿ ಬರುವ ಇಂಟರ್‌ನೆಟ್ಟಾದ ವಿಡಿಎಸ್‌ಎಲ್‌ಗೆ ದನಿಯೇ ಇಲ್ಲ, ಬರೀ ಸುಂಯ್. ಮಾಮೂಲಿ ತಳಮಟ್ಟ ಏರಿದಂತೆ ಕಾಣುವುದರಿಂದ ಮೋಸ ಹೋಗುವುದು ಸುಲಭ. ಮೋಡೆಮ್ಮಿನ ಫೋನ್ ತಂತಿ ಕಿತ್ತು ನೋಡಿದರೆ ತಿಳಿಯುತ್ತದೆ. ಬಿಸಿಲಿದ್ದಾಗ ಮಾತ್ರ ಬರುವುದು ಸೌರ ಇನ್ವರ್ಟರ್. ಸೆಕೆಂಡಿಗೊಂದು ಟಕ್ ಎಂದರೆ ವಿದ್ಯುತ್ ಬೇಲಿ.

ಮೂಲ ಸಿಕ್ಕ ಮೇಲೆ, ಅದು ಯಾವ ತಂತಿ ಹಿಡಿದು ಹೊರಬರುತ್ತಿದೆ ಎಂದು ತಿಳಿಯಲು ನಾನು ಬಳಸುವುದು ಕೈಯಲ್ಲೇ ಮಾಡಿದ ಕ್ಲ್ಯಾಂಪ್. ತೆರೆದು ಮುಚ್ಚುವ ಕ್ಲಿಪ್-ಆನ್ ಫೆರೈಟಿನ ಒಂದು ಹೋಳಿಗೆ ತೆಳ್ಳಗಿನ ಎನಾಮೆಲ್ ತಂತಿ 10 ಸುತ್ತು ಸುತ್ತಿ, ಎರಡು ತುದಿಗಳನ್ನು ಆರ್‌ಜಿ-316 ಅಥವಾ ಆರ್‌ಜಿ-174 ಕೇಬಲ್ಲಿಗೆ ಬೆಸೆದು ರಿಸೀವರಿಗೆ ಕೊಟ್ಟರೆ ಆಯಿತು. ಯಾವ ಕೇಬಲ್ಲಿಗೆ ಕಚ್ಚಿಸುತ್ತೀರೋ ಅದರ ಮೇಲೆ ಹರಿಯುವ ಕಾಮನ್‌ಮೋಡ್ ಕರೆಂಟು (ಕೇಬಲ್ಲಿನ ತಂತಿಗಳಲ್ಲೆಲ್ಲ ಒಂದೇ ದಿಕ್ಕಿಗೆ ಹರಿಯುವುದು) ಕೇಳಿಸುತ್ತದೆ. ಅಡಾಪ್ಟರಿನ ಎಸಿ ಕಡೆಗೊಮ್ಮೆ, ಡಿಸಿ ಕಡೆಗೊಮ್ಮೆ, ಯುಎಸ್‌ಬಿ ಕೇಬಲ್ಲಿಗೊಮ್ಮೆ, ಕೊನೆಗೆ ಆಂಟೆನಾದ ಕೋಆಕ್ಸಿಗೂ ಒಮ್ಮೆ ಕಚ್ಚಿಸಿ ನೋಡಿ. ಅನೇಕ ಶ್ಯಾಕುಗಳಲ್ಲಿ (ರೇಡಿಯೊ ಕೋಣೆಗಳಲ್ಲಿ) ಅತಿ ಜೋರಾಗಿ ಕೇಳುವುದು ಈ ಕೊನೆಯದ್ದೇ.

ಇದೇ ವಿಷಯದ ತಿರುಳು. ಡೈಪೋಲ್ (ತಂತಿ ಆಂಟೆನಾ) ಮೇಲೆ ಎಷ್ಟು ದೂರ ಇದ್ದರೂ ಅದರ ಕೋಆಕ್ಸ್ ಮನೆಯೊಳಗೆ ಬರುತ್ತದೆ. ಮನೆಯ ವೈರಿಂಗಿನ ಗದ್ದಲ ಕೋಆಕ್ಸಿನ ಹೊರಕವಚದ ಹೊರಮೈ ಮೇಲೆ ಹರಿದು ಫೀಡ್‌ಪಾಯಿಂಟ್ (ಕೇಬಲ್ ಆಂಟೆನಾಗೆ ಸೇರುವ ಜಾಗ) ತಲುಪಿ, ಅಲ್ಲಿ ಒಳಗೆ ನುಗ್ಗಿ, ಸಿಗ್ನಲ್ಲಿನ ಜೊತೆಗೇ ರಿಗ್ಗಿಗೆ ವಾಪಸು ಬರುತ್ತದೆ. ತಡೆಯಬೇಕಾದದ್ದು ಫೀಡ್‌ಪಾಯಿಂಟಿನಲ್ಲಿ. ನಾನು ಹಾಕುವುದು ಎಫ್‌ಟಿ240-31 ಟೊರಾಯ್ಡ್ (ಉಂಗುರದಾಕಾರದ ಫೆರೈಟ್ ಕೋರ್), ಹೊರವ್ಯಾಸ 61 ಮಿಲಿಮೀಟರ್, ಅದರ ಮೇಲೆ ಆರ್‌ಜಿ-58 ದಪ್ಪದ ಕೇಬಲ್ 12 ಸುತ್ತು; ಇದೇ ಚೋಕ್. ಒಂದು ಸುತ್ತಿಗೆ 7-8 ಸೆಂಟಿಮೀಟರ್ ಬೇಕು. ಎರಡೂ ತುದಿಗಳ ಉದ್ದ ಸೇರಿಸಿ 1.2 ಮೀಟರ್ ಕತ್ತರಿಸಿಕೊಳ್ಳಿ. ಇದು 3.5ರಿಂದ 14 ಮೆಗಾಹರ್ಟ್ಸ್‌ವರೆಗೆ ಚೆನ್ನಾಗಿ ನಡೆಯುತ್ತದೆ. 21 ಮತ್ತು 28ಕ್ಕೆ 8-9 ಸುತ್ತು ಸಾಕು. ಹೆಚ್ಚು ಸುತ್ತಿದರೆ ಸುತ್ತುಗಳ ನಡುವಿನ ಕೆಪ್ಯಾಸಿಟೆನ್ಸ್‌ನಿಂದ ರೆಸೊನೆನ್ಸ್ (ತಡೆ ಅತಿ ಹೆಚ್ಚಿರುವ ಫ್ರೀಕ್ವೆನ್ಸಿ) ಕೆಳಕ್ಕೆ ಸರಿದು ಮೇಲಿನ ಬ್ಯಾಂಡುಗಳಲ್ಲಿ ತಡೆ ಕುಸಿಯುತ್ತದೆ. ಫೋಮ್ ಡೈಎಲೆಕ್ಟ್ರಿಕ್ ಇರುವ ಕೋಆಕ್ಸನ್ನು ಹೀಗೆ ಬಿಗಿಯಾಗಿ ಬಗ್ಗಿಸಬೇಡಿ, ನಡುವಿನ ತಂತಿ ಸರಿದು ಕವಚಕ್ಕೆ ತಾಗುತ್ತದೆ.

ಕೇಬಲ್ ಮೇಲೆ ಒಂದೆರಡು ಕ್ಲಿಪ್-ಆನ್ ಫೆರೈಟ್ ಕಚ್ಚಿಸಿ ಏನೂ ಆಗಲಿಲ್ಲ ಎನ್ನುವವರಿಗೆ ಉತ್ತರ ಇಲ್ಲೇ ಇದೆ. ಒಂದು ಸಲ ತೂರಿಸಿದರೆ ಒಂದು ಸುತ್ತು. 7 ಮೆಗಾಹರ್ಟ್ಸ್‌ನಲ್ಲಿ ಅದರ ತಡೆ ತೀರಾ ಅಲ್ಪ. ಬೇಕಾಗಿರುವುದು ಕೆಲವು ಸಾವಿರ ಓಮ್. ರೆಸೊನೆನ್ಸಿಗಿಂತ ಕೆಳಗೆ ತಡೆ ಸುತ್ತುಗಳ ವರ್ಗದಂತೆ ಏರುತ್ತದೆ: 5 ಸುತ್ತಿಗೆ 25 ಪಟ್ಟು, 12 ಸುತ್ತಿಗೆ 144 ಪಟ್ಟು. ಮಿಕ್ಸ್ (ಫೆರೈಟಿನ ವಸ್ತುವಿನ ನಂಬರ್) ಕೂಡ ನೋಡಿ ಕೊಳ್ಳಬೇಕು. ಕೆಳಗಿನ ಎಚ್‌ಎಫ್‌ಗೆ 31, ಮೇಲಿನದ್ದಕ್ಕೆ 43. ಹೆಸರಿಲ್ಲದ ಕೋರುಗಳು ಯಾವ ಫ್ರೀಕ್ವೆನ್ಸಿಗೆ ಮಾಡಿದವೋ ಹೇಳಲಾಗದು. ಎರಡನೇ ಚೋಕನ್ನು ಕೋಆಕ್ಸ್ ಮನೆಯೊಳಗೆ ಬರುವ ಜಾಗದಲ್ಲಿ ಹಾಕಿ. 100 ವ್ಯಾಟಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೂ ಡಿಜಿಟಲ್ ಮೋಡಿನಲ್ಲಿ ಹೊತ್ತು ಬಿಡದೆ ಕಳಿಸಿದ ಮೇಲೆ ಟ್ರಾನ್ಸ್‌ಮಿಟ್ ನಿಲ್ಲಿಸಿ ಕೋರನ್ನು ಮುಟ್ಟಿ ನೋಡಿ. ಸುಡುತ್ತಿದ್ದರೆ ಚೋಕಿನ ತಡೆ ಸಾಲದು.

ಭೂಮಿಗೆ ರಾಡ್ ಹೊಡೆದರೆ ಗದ್ದಲ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಮಿಂಚಿಗೂ ವಿದ್ಯುತ್ ಸುರಕ್ಷತೆಗೂ ಅರ್ಥಿಂಗ್ ಬೇಕೇ ಬೇಕು, ಆದರೆ ಮಹಡಿಯಿಂದ ಇಳಿಯುವ ಉದ್ದನೆಯ ಅರ್ಥ್ ತಂತಿ ಎಚ್‌ಎಫ್‌ನಲ್ಲಿ ಇನ್ನೊಂದು ಆಂಟೆನಾ ಆಗುತ್ತದೆ. ಶ್ಯಾಕಿನಲ್ಲಿ ಕೆಲಸಕ್ಕೆ ಬರುವುದು ರಿಗ್, ಪವರ್ ಸಪ್ಲೈ, ಕಂಪ್ಯೂಟರ್ ಇವುಗಳ ಚಾಸಿಗಳನ್ನು ಗಿಡ್ಡನೆಯ ಅಗಲ ಬ್ರೇಡಿನಿಂದ ಒಂದಕ್ಕೊಂದು ಜೋಡಿಸುವುದು.

ಗದ್ದಲದ ಅಡಾಪ್ಟರಿಗೆ ಅತಿ ಒಳ್ಳೆಯ ಪರಿಹಾರ ಅದನ್ನು ಬದಲಿಸುವುದು. ರೌಟರ್, ಸ್ವಿಚ್‌ನಂಥ 12 ವೋಲ್ಟ್ ಸಾಧನಗಳನ್ನೆಲ್ಲ ಟ್ರಾನ್ಸ್‌ಫಾರ್ಮರ್ ಇರುವ ಒಂದೇ ಲೀನಿಯರ್ ಸಪ್ಲೈಗೆ ಸೇರಿಸಬಹುದು. ಬದಲಿಸಲಾಗದಿದ್ದರೆ ಡಿಸಿ ಕೇಬಲ್ಲಿನ ಎರಡೂ ತಂತಿಗಳನ್ನು ಒಟ್ಟಿಗೇ ಹಿಡಿದು 31ರ ಕೋರಿಗೆ 10-12 ಸುತ್ತು, ಅಡಾಪ್ಟರಿಗೆ ಆದಷ್ಟು ಅಂಟಿದಂತೆ. ಎಸಿ ಕಡೆಗೂ ಇನ್ನೊಂದು ಕೋರ್. ಮೇನ್ಸ್ ತಂತಿಗೆ ಸಿಕ್ಕಿದ ಕೆಪ್ಯಾಸಿಟರ್ ಹಾಕಲು ಹೋಗಬೇಡಿ: ಲೈನ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್2, ಅರ್ಥ್‌ಗೆ ವೈ ದರ್ಜೆಯದ್ದು ಮಾತ್ರ. ರೆಡಿಮೇಡ್ ಫಿಲ್ಟರ್ ಹಾಕುವುದಾದರೆ ಅದರ ಲೋಹದ ಮೈ ಬಣ್ಣ ಕೆರೆದ ಚಾಸಿಗೆ ನೇರ ತಾಗಬೇಕು. ಹತ್ತು ಸೆಂಟಿಮೀಟರ್ ತಂತಿಯಲ್ಲಿ ಜೋಡಿಸಿದರೆ ಫಿಲ್ಟರಿನ ಬಹುಪಾಲು ಪ್ರಯೋಜನ ಆ ತಂತಿಯಲ್ಲೇ ಕಳೆದುಹೋಗುತ್ತದೆ.

ಮೇನ್ ಇಳಿಸಿದರೂ ಗದ್ದಲ ಉಳಿದರೆ ಮೂಲ ಹೊರಗಿದೆ. ಕರ್ಕಶವಾದ ಚರಚರ, 50 ಹರ್ಟ್ಸ್ ವಿದ್ಯುತ್ತಿರುವ ಕಡೆ ಆಸಿಲೋಸ್ಕೋಪಿನಲ್ಲಿ 10 ಮಿಲಿಸೆಕೆಂಡಿಗೊಂದು ಗೊಂಚಲು, ಮಳೆ ಬಂದಾಗ ಮಾಯ: ಇದು ವಿದ್ಯುತ್ ಕಂಬದಲ್ಲಿ ಸಡಿಲಾದ ಲೋಹದ ಬಿಡಿಭಾಗಗಳ ನಡುವೆ ಹಾರುವ ಕಿಡಿ. ಇದನ್ನು 7 ಮೆಗಾಹರ್ಟ್ಸ್‌ನಲ್ಲಿ ಹುಡುಕಿದರೆ ತಂತಿಗುಂಟ ಎಲ್ಲೆಲ್ಲೂ ಏರಿಳಿತ ಕಂಡು ದಾರಿ ತಪ್ಪುತ್ತದೆ. ಮೂಲ ಹತ್ತಿರವಾದಷ್ಟೂ ಹೆಚ್ಚಿನ ಫ್ರೀಕ್ವೆನ್ಸಿಯಲ್ಲೂ ಕೇಳಿಸತೊಡಗುತ್ತದೆ. ಹಾಗಾಗಿ ಎಎಂ ಮೋಡ್ ಇರುವ ಕೈರೇಡಿಯೊದಲ್ಲಿ 28ರಿಂದ ಶುರುಮಾಡಿ 120ರ ಆಸುಪಾಸು, ಕೊನೆಗೆ 400ರ ಮೇಲಿನ ಮೆಗಾಹರ್ಟ್ಸ್‌ಗೆ ಏರುತ್ತಾ, ಕೈಯಲ್ಲಿ ಹಿಡಿಯುವ ಸಣ್ಣ ಯಾಗಿಯಿಂದ (ದಿಕ್ಕು ತೋರುವ ಆಂಟೆನಾ) ಕಂಬವನ್ನು ಗುರುತಿಸುತ್ತೇನೆ. ಕಂಬದ ಸಂಖ್ಯೆ, ಸಮಯ, ಸದ್ದಿನ ರೆಕಾರ್ಡಿಂಗ್ ವಿದ್ಯುತ್ ಕಂಪನಿಗೆ. ಕಂಬವನ್ನು ಹತ್ತುವುದು, ಬಡಿಯುವುದು, ಅದನ್ನು ಎಳೆದು ಹಿಡಿದ ಗೈ ತಂತಿ ಅಲ್ಲಾಡಿಸುವುದು ಖಂಡಿತ ಬೇಡ.

ತೆಗೆಯಲಾಗದ್ದನ್ನು ತಪ್ಪಿಸಲು ಬೇರೆ ರಿಸೀವ್ ಆಂಟೆನಾ. 1 ಮೀಟರ್ ವ್ಯಾಸದ ಸಣ್ಣ ಲೂಪ್ ತನ್ನ ಅಕ್ಷದ ದಿಕ್ಕಿನಿಂದ ಬರುವುದಕ್ಕೆ ಕಿವುಡು. ಮನೆಯಿಂದ ಆದಷ್ಟು ದೂರವಿಟ್ಟು, ಅದರ ಕೋಆಕ್ಸಿಗೂ ಚೋಕ್ ಹಾಕಿ, ಗದ್ದಲ ಥಟ್ಟನೆ ಬೀಳುವ ಕೋನಕ್ಕೆ ತಿರುಗಿಸಿ. ಈ ಕಿವುಡು ದಿಕ್ಕು, ಅಂದರೆ ನಲ್, ತುಂಬಾ ಕಿರಿದು, ಒಂದೆರಡು ಡಿಗ್ರಿಯಲ್ಲೇ ತಪ್ಪಿಹೋಗುತ್ತದೆ. ಆಕಾಶದಿಂದ ಮೇಲಿನ ಕೋನದಲ್ಲಿ ಇಳಿಯುವ ಸಿಗ್ನಲ್ಲಿಗೆ ಆ ನಲ್ ಅಷ್ಟು ಆಳವಿಲ್ಲವಾದ್ದರಿಂದ ಸ್ಟೇಷನ್ ಉಳಿಯುತ್ತದೆ. ಲೂಪಿನ ಆಂಪ್ಲಿಫೈಯರನ್ನು ಟ್ರಾನ್ಸ್‌ಮಿಟ್ ವೇಳೆ ರಿಲೇಯಿಂದ ಬೇರ್ಪಡಿಸದಿದ್ದರೆ ಮೊದಲ ಸಲವೇ ಸುಟ್ಟೀತು.

ಒಂದೇ ಮೂಲ ಉಳಿದಿದ್ದರೆ, ಎರಡು ಆಂಟೆನಾಗಳ ಗದ್ದಲವನ್ನು ಒಂದಕ್ಕೊಂದು ಎದುರುಹಾಕಿ ಅಳಿಸುವ ನಾಯ್ಸ್ ಕ್ಯಾನ್ಸೆಲರ್ ಒಳ್ಳೆಯದು. ಸಹಾಯಕ ಆಂಟೆನಾವನ್ನು ಗದ್ದಲದ ಕಡೆಗೆ ಹಾಕಿ, ಅದರಲ್ಲಿ ಗದ್ದಲ ಜೋರಾಗಿಯೂ ಸ್ಟೇಷನ್ ಸಣ್ಣದಾಗಿಯೂ ಕೇಳಬೇಕು. ಎರಡೂ ಆಂಟೆನಾಗಳ ಗದ್ದಲವನ್ನು ಬೇರೆ ಬೇರೆ ಅಳೆದು ಸಮ ಮಾಡಿಕೊಳ್ಳಿ. ಬಳಿಕ ಫೇಸ್ ತುಸು, ಗೇನ್ ತುಸು, ಹೀಗೆ ಸರದಿಯಲ್ಲಿ ತಿರುಗಿಸಿ. ಬ್ಯಾಂಡ್ ಬದಲಿಸಿದರೆ ಮತ್ತೆ ಮೊದಲಿನಿಂದ. ಬೇರೆ ಬೇರೆ ದಿಕ್ಕಿನ ಎರಡು ಮೂಲಗಳಿದ್ದರೆ ಒಂದನ್ನು ಅಳಿಸಿದಾಗ ಇನ್ನೊಂದು ಏಳುತ್ತದೆ.

ರಿಗ್ಗಿನ ಗುಂಡಿಗಳ ಮಾತು ಕೊನೆಗೆ. 14 ಮೆಗಾಹರ್ಟ್ಸ್‌ಗಿಂತ ಕೆಳಗೆ ಪ್ರೀಆಂಪ್ (ರಿಸೀವರಿನ ಮೊದಲ ಆಂಪ್ಲಿಫೈಯರ್) ಆಫ್. ಸಿಡಬ್ಲ್ಯುಗೆ (ಮೋರ್ಸ್ ಸಂಕೇತಕ್ಕೆ) ಫಿಲ್ಟರನ್ನು 2400ರಿಂದ 500 ಹರ್ಟ್ಸ್‌ಗೆ ಇಳಿಸಿದರೆ ಗದ್ದಲ ಸುಮಾರು 7 ಡಿಬಿ ಕಡಿಮೆ, 250ಕ್ಕೆ ಇಳಿಸಿದರೆ ಸುಮಾರು 10. ನಾಯ್ಸ್ ಬ್ಲ್ಯಾಂಕರ್ (ಹೊಡೆತ ಬಂದ ಕ್ಷಣ ರಿಸೀವರಿನ ಬಾಯಿ ಮುಚ್ಚಿಸುವ ಸರ್ಕಿಟ್) ಬೇಲಿಯ ಟಕ್‌ಟಕ್‌ನಂಥ ಚಿಕ್ಕ ಹೊಡೆತಗಳಿಗೆ ಮಾತ್ರ, ಅಡಾಪ್ಟರಿನ ಗೊರಗೊರಕ್ಕೆ ಅದು ಏನೂ ಮಾಡದು. ಪಕ್ಕದಲ್ಲಿ ಜೋರಾದ ಸ್ಟೇಷನ್ ಇದ್ದಾಗ ಬ್ಲ್ಯಾಂಕರ್ ಅದರ ಮಾತಿನ ಏರಿಳಿತವನ್ನೇ ಹೊಡೆತವೆಂದು ತಿಳಿದು ಕತ್ತರಿಸಿ, ಇಡೀ ಬ್ಯಾಂಡನ್ನು ಒಡೆದ ದನಿಯಲ್ಲಿ ತುಂಬಿಸುತ್ತದೆ. ಆಗ ಲೆವೆಲ್ ಇಳಿಸಿ, ಸಾಲದಿದ್ದರೆ ಆಫ್ ಮಾಡಿ.