ಬಿ.ಪಿ., ಸಕ್ಕರೆ ಇರುವ ಮನೆಯ ದಿನಚರಿ

ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇಲ್ಲದ ಮನೆಯನ್ನು ಧಾರವಾಡದ ನಮ್ಮ ಓಣಿಯಲ್ಲಿ ಹುಡುಕುವುದೇ ಈಗ ಕಷ್ಟವಾಗಿದೆ. ಆದರೂ ಇವುಗಳ ಮಾತು ಬಂದಾಗ ಜನ ಮೊದಲು ಕೇಳುವುದು, "ಏನರ ತ್ರಾಸ ಆಗತದೇನು?" ಎಂದೇ. ತ್ರಾಸ ಇಲ್ಲವೆಂದರೆ ಕಾಯಿಲೆ ಹೋಯಿತೆಂದು ತಿಳಿದು ಗುಳಿಗೆ ಬಿಟ್ಟುಬಿಡುತ್ತಾರೆ. ಈ ಒಂದು ತಪ್ಪು ತಿಳಿವಳಿಕೆಯಷ್ಟು ಹಾನಿಯನ್ನು ನಮ್ಮ ಕಡೆ ಬೇರೆ ಯಾವುದೂ ಮಾಡಿಲ್ಲವೆಂದು ನನಗನ್ನಿಸುತ್ತದೆ. ಮೇಲಿನ ಒತ್ತಡ 170 ಇದ್ದವರೂ ಎಂದಿನಂತೆ ಹೊಲಕ್ಕೆ ಹೋಗಿ ಬರುತ್ತಾರೆ. ಸಕ್ಕರೆ 250 ಇದ್ದವರಿಗೂ ಹಸಿವೆ, ನಿದ್ದೆ ಸರಿಯಾಗಿಯೇ ಇರಬಹುದು. ಒಳಗೆ ಮಾತ್ರ ರಕ್ತನಾಳ, ಮೂತ್ರಪಿಂಡ, ಕಣ್ಣಿನ ಅಕ್ಷಿಪಟಲ ಸದ್ದಿಲ್ಲದೆ ಕೆಡುತ್ತಿರುತ್ತವೆ. ಆದ್ದರಿಂದ ಈ ಕಾಯಿಲೆಗಳಲ್ಲಿ ನಂಬಬೇಕಾದದ್ದು ಅಳತೆಯನ್ನು.

ಅಳತೆಗೂ ಒಂದು ಕ್ರಮವಿದೆ. ಸಂತೆಯಿಂದ ನಡೆದು ಬಂದ ಉಸಿರಿನಲ್ಲೇ ತೋಳಿಗೆ ಪಟ್ಟಿ ಸುತ್ತಿ, ಮಾತಾಡುತ್ತಲೇ ಯಂತ್ರದ ಗುಂಡಿ ಒತ್ತಿದರೆ ಬರುವ ಅಂಕಿ ಯಾರ ಉಪಯೋಗಕ್ಕೂ ಇಲ್ಲ. ಚಹಾ, ತಂಬಾಕು ಆಗಿ ಅರ್ಧ ಗಂಟೆ ಕಳೆದಿರಬೇಕು, ಮೂತ್ರ ವಿಸರ್ಜನೆ ಮುಗಿದಿರಬೇಕು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕದೆ, ಎರಡೂ ಪಾದ ನೆಲಕ್ಕೆ ತಾಗಿಸಿ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಬರಿಯ ಚರ್ಮದ ಮೇಲೆಯೇ ಪಟ್ಟಿ ಕಟ್ಟಬೇಕು. ನಮ್ಮ ಹಿರಿಯ ಹೆಂಗಸರು ಕುಬಸದ ಬಿಗಿ ತೋಳನ್ನು ಮೇಲಕ್ಕೆ ಮಡಚಿ ಅದರ ಕೆಳಗೆ ಪಟ್ಟಿ ಸುತ್ತಿಸಿಕೊಳ್ಳುತ್ತಾರೆ; ಆ ಮಡಿಕೆಯೇ ತೋಳನ್ನು ಒತ್ತಿ ಅಂಕಿಯನ್ನು ಕೆಡಿಸುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೆಯ ಸಲ ನೋಡಿ, ಎರಡನ್ನೂ ತಾರೀಖಿನೊಂದಿಗೆ ವಹಿಯಲ್ಲಿ ಬರೆದಿಡಬೇಕು. ಮನೆಯಲ್ಲಿ ನೋಡಿದ ಅಳತೆ ಮೇಲಿಂದ ಮೇಲೆ 135/85 ದಾಟುತ್ತಿದ್ದರೆ ಆ ವಹಿಯನ್ನೇ ವೈದ್ಯರ ಮುಂದಿಡಿ. ಒಂದು ದಿನದ ಒಂದು ಅಂಕಿಗೆ ಹೆದರಿ ಗುಳಿಗೆ ಹೆಚ್ಚಿಸುವುದೂ ಬೇಡ, ಒಂದು ವಾರ ಚೆನ್ನಾಗಿ ಬಂತೆಂದು ಬಿಡುವುದೂ ಬೇಡ. ಚೆನ್ನಾಗಿ ಬಂದದ್ದು ಗುಳಿಗೆಯಿಂದಲೇ.

ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸುಮಾರು ಒಂದು ಚಹಾ ಚಮಚದಷ್ಟು. ನಮ್ಮ ಜೋಳದ ರೊಟ್ಟಿಯ ದೊಡ್ಡ ಗುಣವೆಂದರೆ ಹಿಟ್ಟಿಗೆ ಉಪ್ಪು ಹಾಕುವ ವಾಡಿಕೆ ಬಹುತೇಕ ಮನೆಗಳಲ್ಲಿ ಇಲ್ಲದಿರುವುದು. ಉಪ್ಪು ಬರುವುದೆಲ್ಲ ರೊಟ್ಟಿಯ ಪಕ್ಕದಿಂದ: ಉಪ್ಪಿನಕಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಸಂಜೆಯ ಗಿರ್ಮಿಟ್ಟು, ಮಿರ್ಚಿ. ಚಟ್ನಿಪುಡಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಕುಟ್ಟುವಾಗ ಉಪ್ಪನ್ನು ಅರ್ಧಕ್ಕೆ ಇಳಿಸಿ, ಜೀರಿಗೆ, ಬೆಳ್ಳುಳ್ಳಿ, ಹುರಿದ ಗುರೆಳ್ಳು, ಅಗಸಿಗಳನ್ನು ಸ್ವಲ್ಪ ಮುಂದೆ ಮಾಡಿ, ತಿನ್ನುವಾಗ ಲಿಂಬೆ ಹಿಂಡಿಕೊಂಡರೆ ಎರಡು ಮೂರು ವಾರಗಳಲ್ಲಿ ನಾಲಗೆ ಅದಕ್ಕೆ ಒಗ್ಗುತ್ತದೆ. ಲೆಕ್ಕ ಇಡುವ ಸುಲಭ ದಾರಿ ಇದು: ನಾಲ್ವರು ದೊಡ್ಡವರಿರುವ ಮನೆಯಲ್ಲಿ ದಿನಕ್ಕೆ 20 ಗ್ರಾಂ ಹಿಡಿದರೂ 1 ಕೆ.ಜಿ. ಉಪ್ಪು 50 ದಿನ ಬರಬೇಕು. ಪೊಟ್ಟಣ ಒಡೆದ ದಿನವನ್ನು ಡಬ್ಬಿಯ ಮೇಲೆ ಬರೆದು ನೋಡಿ; ತಿಂಗಳೊಳಗೆ ಮುಗಿದರೆ ಮನೆಯವರಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ. ಸೈಂಧವ ಲವಣವೂ ಉಪ್ಪೇ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆಗಳಲ್ಲಿ ಹಲವು ಒತ್ತಡವನ್ನು ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಬಿ.ಪಿ. ಇದ್ದವರು ಅವನ್ನು ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ನುಂಗುವುದನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಜೋಳ ಒಳ್ಳೆಯದೇ, ನಾರಿನಂಶ ಇರುವುದರಿಂದ ಅನ್ನಕ್ಕಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಆದರೆ ಜೋಳದ ಹೆಸರಿನಲ್ಲಿ ನಾಲ್ಕು ರೊಟ್ಟಿ ತಿಂದು ಮೇಲೆ ಅನ್ನವನ್ನೂ ಉಂಡರೆ ಅದರ ಪ್ರಯೋಜನ ಉಳಿಯುವುದಿಲ್ಲ. ತಾಟಿನ ಅರ್ಧ ಭಾಗ ಪಲ್ಯ, ಹಸಿ ಸೌತೆ, ಮೂಲಂಗಿ, ಮೆಂತೆ ಸೊಪ್ಪಿನಿಂದ ತುಂಬಿರಲಿ, ಕಾಲು ಭಾಗ ಕಾಳು ಬೇಳೆಯಿರಲಿ, ಉಳಿದ ಕಾಲು ಭಾಗವಷ್ಟೇ ರೊಟ್ಟಿಗೆ ಅಥವಾ ಅನ್ನಕ್ಕೆ. ಬೆಲ್ಲ ನಡೆಯುತ್ತದೆ ಎಂಬ ನಂಬಿಕೆಯನ್ನು ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಎಲ್ಲರೂ ನೆನೆಯುತ್ತಾರೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಸಕ್ಕರೆಯಷ್ಟೇ ಏರಿಸುತ್ತದೆ. ಬೆಳಗಿನ ಒಂದು ಪರೀಕ್ಷೆ ಆ ಹೊತ್ತಿನ ಸ್ಥಿತಿಯನ್ನಷ್ಟೇ ತೋರಿಸುತ್ತದೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ತೋರಿಸುತ್ತದೆ. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡುವವರ ಮನೆಮಂದಿ ಇದನ್ನು ತಿಳಿದಿರಬೇಕು.

ಶ್ರಾವಣ ಸೋಮವಾರ, ಏಕಾದಶಿಗಳಂದು ಉಪವಾಸ ಮಾಡುವವರು ವಾರ ಮೊದಲೇ ವೈದ್ಯರನ್ನು ಕಂಡು ಅಂದಿನ ಗುಳಿಗೆ, ಇನ್ಸುಲಿನ್ ಹೇಗೆಂದು ಕೇಳಿಕೊಳ್ಳಬೇಕು. ಔಷಧ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ತೀರ ಇಳಿಯಬಹುದು. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ಮಾತು ತಪ್ಪುವುದು, ಕಾರಣವಿಲ್ಲದ ಸಿಟ್ಟು ಇದರ ಗುರುತು. ಅಳತೆ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಅಳೆಯಲು ಯಂತ್ರವೇ ಇಲ್ಲದಿದ್ದರೆ, ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಟ್ಟು, ಸುಧಾರಿಸಿದ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಗದಗ, ರೋಣದ ಕಡೆಯ ಬೇಸಿಗೆಯಲ್ಲಿ ಇನ್ಸುಲಿನ್ ಕಾಪಾಡುವುದು ಒಂದು ಕೆಲಸವೇ. ಫ್ರಿಜ್ ಇದ್ದರೆ ಬಾಗಿಲಿನ ಅರೆಯಲ್ಲಿಡಿ. ಹಿಮಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ, ಕರಗಿದ ಮೇಲೂ ಬಳಸಬಾರದು. ಫ್ರಿಜ್ ಇಲ್ಲದವರು ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಸಣ್ಣ ಮಣ್ಣಿನ ಗಡಿಗೆಯೊಳಗಿಟ್ಟು, ಅದನ್ನು ಹಸಿ ಉಸುಕು ತುಂಬಿದ ದೊಡ್ಡ ಗಡಿಗೆಯಲ್ಲಿ ನೆರಳಿಗೆ ಇಟ್ಟು, ಉಸುಕಿಗೆ ದಿನವೂ ನೀರು ಚಿಮುಕಿಸುತ್ತಿರಬೇಕು.

ಕಾಲಿನ ವಿಷಯಕ್ಕೆ ಹೆಚ್ಚು ಕಾಳಜಿ ಬೇಕು. ಬಹಳ ವರ್ಷ ಸಕ್ಕರೆ ಇದ್ದವರ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಎರೆಹೊಲದಲ್ಲಿ ಜಾಲಿಮುಳ್ಳು ಚುಚ್ಚಿ ಮುರಿದರೂ ತಿಳಿಯುವುದಿಲ್ಲ, ಚಪ್ಪಲಿ ಕಚ್ಚಿದ್ದೂ ತಿಳಿಯುವುದಿಲ್ಲ. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಅಂಗಾಲನ್ನು ಬೆಳಕಿನಲ್ಲಿ ಮನೆಯವರು ನೋಡಬೇಕು. ಒಬ್ಬರೇ ಇದ್ದರೆ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಬಿಸಿನೀರಿನ ಕಾವನ್ನು ಮೊದಲು ಮೊಣಕೈಯಿಂದ ನೋಡಿ. ಗಾಯವಾದರೆ ಸುಣ್ಣ, ಬೂದಿ, ತಂಬಾಕಿನ ಪುಡಿ ಮೆತ್ತದೆ ಶುದ್ಧ ನೀರಿನಿಂದ ತೊಳೆದು ಬಟ್ಟೆ ಕಟ್ಟಿ ಅಂದೇ ದವಾಖಾನೆಗೆ ಹೋಗಬೇಕು.

ಲಕ್ವ ಹೊಡೆದಾಗ ಎಣ್ಣೆ ತಿಕ್ಕುತ್ತಾ, ನಾಟಿ ಔಷಧ ಎಲ್ಲಿ ಸಿಗುತ್ತದೆಂದು ಫೋನು ಮಾಡುತ್ತಾ ಕೂರುವ ಮನೆಗಳು ಇನ್ನೂ ಇವೆ. ಬಾಯಿ ಒಂದು ಕಡೆ ಸೊಟ್ಟಗಾದರೆ, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಅದು ಮಿದುಳಿನ ಆಘಾತವಿರಬಹುದು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುವಂಥದು, ಅದೂ ತಲೆಯ ಸ್ಕ್ಯಾನ್ ಆದ ಮೇಲೆ. ಅದಕ್ಕೇ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ದಾರಿಯಲ್ಲಿ ನೀರು, ಗುಳಿಗೆ ಏನನ್ನೂ ಕೊಡಬೇಡಿ. ಅಳತೆಯ ವಹಿ, ಗುಳಿಗೆಯ ಚೀಟಿ ಜೊತೆಗಿರಲಿ. ವೈದ್ಯರು ಮೊದಲು ಕೇಳುವುದು ರೋಗಿ ಕೊನೆಯದಾಗಿ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಎಂಬುದನ್ನು, ಆ ಹೊತ್ತನ್ನು ಮನೆಯಲ್ಲಿ ಕಂಡವರು ನೆನಪಿಟ್ಟು ಹೇಳಬೇಕು.