ಕಂಪ್ಯೂಟರ್ ಹೆಸರು ಬದಲಿಸಿದ ಮೇಲೆ ಸಿಂಕ್ ನಿಂತಿತೇ?

ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ ಅಂದುಕೊಳ್ಳಿ. ಆಫೀಸಿನ ಕಂಪ್ಯೂಟರಿನಲ್ಲಿ ರೈಟರ್ ಹಾಜರಿ, ಕುಯ್ಲಿನ ತೂಕ ಬರೆದಿಡುತ್ತಾರೆ. ಬಂಗಲೆಯ ಲ್ಯಾಪ್‌ಟಾಪಿನಲ್ಲಿ ಮಾಲೀಕರು ನೋಡುತ್ತಾರೆ. ಒಂದು ಕಡೆಯ ಬದಲಾವಣೆಯನ್ನು ನೆಟ್ ಮೂಲಕ ಇನ್ನೊಂದು ಕಡೆಗೆ ತಲುಪಿಸುವ, ಅಂದರೆ ಸಿಂಕ್ ಮಾಡುವ ಕೆಲಸ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನದು. ಆಫೀಸಿನ ಕಂಪ್ಯೂಟರಿಗೆ ‘ತೋಟ-ಆಫೀಸ್’ (Thota-Office) ಎಂದು ಹೊಸ ಹೆಸರಿಟ್ಟ ಮರುದಿನ ಲೆಕ್ಕ ಬಂಗಲೆಗೆ ಬರುವುದಿಲ್ಲ. ಗಾಬರಿಯಲ್ಲಿ ಸೈನ್ ಔಟ್ ಆಗಬೇಡಿ, ಫೋಲ್ಡರ್ ಅಳಿಸಬೇಡಿ. ಹೆಸರು ಬದಲಿಸಿದ ಮಾತ್ರಕ್ಕೆ ಫೈಲ್ ಹಾಳಾಗುವುದಿಲ್ಲ. ವಿಂಡೋಸ್‌ನಲ್ಲಿ ಯೂಸರ್ ಫೋಲ್ಡರಿನ ಹೆಸರು ಹಾಗೆಯೇ ಉಳಿಯುತ್ತದೆ, ಒನ್‌ಡ್ರೈವ್ ಫೋಲ್ಡರ್ ಇದ್ದಲ್ಲೇ ಇರುತ್ತದೆ.

ಮೊದಲು ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಸಾಲದು: ಫಾಸ್ಟ್ ಸ್ಟಾರ್ಟಪ್ ಇದ್ದರೆ ಅದು ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ಹೊಸ ಹೆಸರು ಬಂದಿದೆಯೇ ನೋಡಿ. ಹೆಸರು 15 ಅಕ್ಷರದೊಳಗೆ ಇರಲಿ. ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಮಾತ್ರ, ನಡುವೆ ಜಾಗ ಬೇಡ.

ಗಡಿಯಾರದ ಹತ್ತಿರದ ಮೋಡದ ಚಿಹ್ನೆ ಬೂದು ಬಣ್ಣದಲ್ಲಿದ್ದು ಅಡ್ಡಗೆರೆ ಇದ್ದರೆ ಸೈನ್ ಇನ್ ಆಗಿಲ್ಲ ಎಂದರ್ಥ. ಅದೇ ಖಾತೆಯಿಂದ ಒಳಗೆ ಹೋಗಿ. ದಿನಾಂಕವನ್ನೂ ನೋಡಿ. ಕಕ್ಕಡದ ಮಳೆಯಲ್ಲಿ ಕರೆಂಟ್ ದಿನಗಟ್ಟಲೆ ಹೋದಾಗ, ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತಿದ್ದರೆ ದಿನಾಂಕ ಹಿಂದಕ್ಕೆ ಓಡಿರುತ್ತದೆ, ಸರ್ವರ್ ಜೊತೆ ಸಂಪರ್ಕವೇ ಆಗುವುದಿಲ್ಲ. ಇದಕ್ಕೂ ಹೆಸರಿಗೂ ಸಂಬಂಧವಿಲ್ಲ, ಆದರೆ ಬೈಗುಳ ಹೆಸರಿಗೇ ಬೀಳುತ್ತದೆ.

ಹೆಸರಿನಿಂದಲೇ ಕೆಡುವುದು ಹಂಚಿಕೊಂಡ ಫೋಲ್ಡರಿನ ದಾರಿ. ಆಫೀಸಿನ ಫೋಲ್ಡರನ್ನು ನೇರವಾಗಿ ತೆರೆಯಲು ಬಂಗಲೆಯ ಲ್ಯಾಪ್‌ಟಾಪಿನಲ್ಲಿ ಜೋಡಿಸಿಟ್ಟ ‘ಜೆಡ್’ ಡ್ರೈವ್ ಇದ್ದರೆ, ಅದು ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಅದನ್ನು ಡಿಸ್‌ಕನೆಕ್ಟ್ ಮಾಡಿ, ಎರಡು ಬ್ಯಾಕ್‌ಸ್ಲ್ಯಾಷ್, ಹೊಸ ಹೆಸರು, ಒಂದು ಬ್ಯಾಕ್‌ಸ್ಲ್ಯಾಷ್, ಫೋಲ್ಡರಿನ ಹೆಸರು ಕೊಟ್ಟು ಮತ್ತೆ ಮ್ಯಾಪ್ ಮಾಡಿ, ಅಂದರೆ ಜೋಡಿಸಿ. ಪಾಸ್‌ವರ್ಡ್ ಕೇಳುತ್ತದೆ, ಹೊಸ ಹೆಸರಿಗೆ ಮತ್ತೆ ಕೊಡಬೇಕು. ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆಯ ಹೆಸರಿನಡಿ ಉಳಿದದ್ದನ್ನು ತೆಗೆದುಬಿಡಿ. ಈ ದಾರಿಯಿಂದ ನಕಲು ತೆಗೆಯುವ ಬ್ಯಾಕಪ್ ಸಾಫ್ಟ್‌ವೇರ್ ಇದ್ದರೆ ಅಲ್ಲೂ ವಿಳಾಸ ತಿದ್ದಬೇಕು.

ಒಂದೇ ಫೈಲ್ ಎರಡಾಗಿ ಕಂಡರೆ ಹೆಸರನ್ನು ಪೂರ್ತಿ ಓದಿ. ಎರಡೂ ಕಡೆ ತಿದ್ದಿದ ಫೈಲಿನ ಒಂದು ಪ್ರತಿಗೆ ಒನ್‌ಡ್ರೈವ್ ಕಂಪ್ಯೂಟರಿನ ಹೆಸರನ್ನು ಬಾಲದಂತೆ ಸೇರಿಸುತ್ತದೆ. ‘ಹಾಜರಿ’ ಪಕ್ಕದಲ್ಲಿ ‘ಹಾಜರಿ-ತೋಟ-ಆಫೀಸ್’ ಇದ್ದರೆ ಎರಡನ್ನೂ ತೆರೆದು ಸಾಲು ಸಾಲಾಗಿ ಹೋಲಿಸಿ. ಒಂದರಲ್ಲಿ ಶನಿವಾರದ ಹಾಜರಿ, ಇನ್ನೊಂದರಲ್ಲಿ ಸೋಮವಾರದ್ದು ಮಾತ್ರ ಇರಬಹುದು. ಬಿಟ್ಟುಹೋದ ಸಾಲನ್ನು ಒಂದಕ್ಕೆ ಸೇರಿಸಿದ ಮೇಲಷ್ಟೇ ಇನ್ನೊಂದನ್ನು ಅಳಿಸಿ. ಕೂಲಿ ಬಟವಾಡೆ ಇದೇ ಲೆಕ್ಕದ ಮೇಲೆ ನಡೆಯುತ್ತದೆ, ಒಂದು ದಿನ ತಪ್ಪಿದರೂ ಕೆಲಸದವರ ದುಡಿಮೆಗೆ ಏಟು.

ಒನ್‌ಡ್ರೈವ್ ಬದಲು ಗೂಗಲ್ ಡ್ರೈವ್ ಬಳಸುತ್ತಿದ್ದು, ಅದರ ‘ಕಂಪ್ಯೂಟರ್ಸ್’ ಪಟ್ಟಿಯಲ್ಲಿ ಹಳೆಯ ಹೆಸರೇ ಕಾಣುತ್ತಿದ್ದರೆ ವೆಬ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಹೆಸರು ಬದಲಿಸಿದರಾಯಿತು. ಖಾತೆ ಕಡಿದು ಮತ್ತೆ ಸೇರಿಸಿದರೆ ಹೊಸ ಕಂಪ್ಯೂಟರ್ ಎಂದೇ ಎಣಿಸಿ ಎಲ್ಲವನ್ನೂ ಮತ್ತೆ ಏರಿಸಬಹುದು. ಉಚಿತದ 15 ಜಿಬಿ ತುಂಬಲು ಅಷ್ಟು ಸಾಕು.

ಯಾವುದೂ ಆಗದಿದ್ದರೆ ಕೊನೆಗೆ ಒನ್‌ಡ್ರೈವ್‌ನ ‘ಅನ್‌ಲಿಂಕ್ ದಿಸ್ ಪಿಸಿ’, ಅಂದರೆ ಈ ಕಂಪ್ಯೂಟರಿನ ನಂಟು ಕಡಿಯುವುದು. ಅದಕ್ಕೆ ಮೊದಲು ಇನ್ನೂ ಏರದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮತ್ತೆ ಸೈನ್ ಇನ್ ಆಗುವಾಗ ಮೊದಲಿನ ಫೋಲ್ಡರ್ ಇದ್ದ ಜಾಗವನ್ನೇ ತೋರಿಸಿ, ‘ಯೂಸ್ ದಿಸ್ ಫೋಲ್ಡರ್’ ಒತ್ತಿ. ಒನ್‌ಡ್ರೈವ್ ಫೈಲುಗಳನ್ನು ಒಂದೊಂದಾಗಿ ಹೋಲಿಸಿ ನೋಡುವುದರಿಂದ ತಡವಾಗುತ್ತದೆ; ನೆಟ್ ನಿಧಾನವಿರುವ ಊರಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೋಡಿ.