ಇಷ್ಟ, ಬಲ, ಕೌಶಲ ಮೂರನ್ನೂ ಒಂದೇ ಹಾಳಿ ಮ್ಯಾಲೆ ಬರೀರಿ

ಇಂಟರ್‌ವ್ಯೂ ಅಂದಕೂಡಲೇ ಮಾತು ತಡವರಿಸ್ತದ ಅನ್ನೋರು ಒಂದು ಹಾಳಿ ತಗೊಂಡು ಮೂರು ಕಾಲಂ ಹಾಕ್ರಿ: ಇಷ್ಟ, ಸಹಜ ಬಲ, ಕಲಿತ ಕೌಶಲ. ಯಾರೂ ಹೇಳದಿದ್ರೂ ಮಾಡೂ ಕೆಲಸ ಇಷ್ಟದ್ದು. ಬಲ ಯಾವುದಂತ ಜೋಡಿ ಕೆಲಸ ಮಾಡಿದ ಮೂರು ಮಂದಿನ್ನ ಕೇಳ್ರಿ. ಮನಿಯವರ ಮಾತಿನ್ಯಾಗ ಪ್ರೀತಿ ಹೆಚ್ಚಿರ್ತದ, ಹಂಗಾಗಿ ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಮುಖ್ಯ ಮಾತಂದ್ರ, ಪ್ರತಿ ಸಾಲಿನ ಮುಂದ ಒಂದು ಸಾಕ್ಷಿ ಇರಬೇಕು. ಬರೇ ‘ಶ್ರಮಜೀವಿ’, ‘ಟೀಮ್ ಪ್ಲೇಯರ್’ ಅಂತ ಬರದ್ರ ಮುಂದಿನ ಪ್ರಶ್ನೆಗೆ ಬಾಯಿ ಕಟ್ತದ.

ನಮ್ಮ ಕಸೂತಿನೇ ತಗೋರಿ. ಬಣ್ಣ ಕೂಡಿಸೂದು ಇಷ್ಟ, ಎಳಿ ಎಣಿಸೂ ತಾಳ್ಮೆ ಬಲ, ಗವಂತಿ, ಮುರಗಿ ಹೊಲಿಗಿ ಕೌಶಲ. ಗಂಟು ಹಾಕದೇ ಎರಡೂ ಬದಿ ಒಂದೇ ಥರ ಕಾಣೂ ಗವಂತಿ ತುಣುಕೇ ಸಾಕ್ಷಿ. ಬಟ್ಟಿ ಮಗುಚಿ ತೋರಿಸಿದ್ರ ಮಾತು ತಾನಾಗೇ ಬರ್ತದ. ಗಿರಾಕಿ ಕಸೂತಿ ರೇಟ್ ಕೇಳಿದಾಗ ಗಂಟಲು ಒಣಗಿದ್ರ, ಅಲ್ಲಿ ಕೊರತಿ ಧೈರ್ಯದ್ದಲ್ಲ, ಲೆಕ್ಕದ್ದು. ದಾರ, ಬಟ್ಟಿ, ತಾಸಿನ ಕೂಲಿ ಬ್ಯಾರೆ ಬ್ಯಾರೆ ಬರದು ಕೂಡಿಸ್ರಿ. ಸಣ್ಣ ತುಣುಕು ಹಾಕೂವಾಗ ಗಡಿಯಾರ ಇಟ್ಟು ನೋಡ್ರಿ, ಅಂದಾಜಿಗೂ ನಿಜವಾದ ತಾಸಿಗೂ ಭಾಳ ಅಂತರ ಬರ್ತದ.

ಇಷ್ಟ ಇದ್ದು ಕೌಶಲ ಇಲ್ಲದ ಸಾಲಿಗೆ ತರಬೇತಿ ಹುಡುಕ್ರಿ. ಸ್ವಂತ ಉದ್ಯೋಗಕ್ಕ ಧಾರವಾಡದ ರುಡ್‌ಸೆಟ್ ಸಂಸ್ಥೆಯೊಳಗ ಊಟ, ವಸತಿ ಸಹಿತ ಉಚಿತ ತರಬೇತಿ ಅದ. ಯಂತ್ರದ ಕೆಲಸ ಬೇಕಂದ್ರ ಹುಬ್ಬಳ್ಳಿ ಜಿಟಿಟಿಸಿ, ಅಂದ್ರ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಅದ. ಒಮ್ಮೆಗೆ ಒಂದೇ ಕೊರತಿ ತುಂಬ್ರಿ, ನಾಲ್ಕು ಕೋರ್ಸ್ ಒಟ್ಟಿಗೆ ಹಚ್ಚಿಕೊಂಡ್ರ ಯಾವುದರ ಸಾಕ್ಷಿನೂ ತಯಾರಾಗೂದಿಲ್ಲ.